ಫಿಫ್ತ್ ವೀಲ್ ಎಳೆಯಲು ಹಿಂದೆ ಒಂಟಿ ಚಕ್ರದ ಟ್ರಕ್ಕೋ, ಜೋಡಿ ಚಕ್ರದ್ದೋ?

ಪ್ರಶ್ನೆ: ನಾವು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. 14,000 ಪೌಂಡ್ ಜಿವಿಡಬ್ಲ್ಯುಆರ್‌ನ (ತುಂಬಿದಾಗ ಇರಬಹುದಾದ ಗರಿಷ್ಠ ಒಟ್ಟು ತೂಕ) ಫಿಫ್ತ್ ವೀಲ್, ಅಂದರೆ ಪಿಕಪ್ಪಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಮನೆಯಂಥ ಟ್ರೇಲರ್ ಒಂದನ್ನು ಆರಿಸಿದ್ದೇವೆ. ಅದನ್ನು ಎಳೆಯಲು ಒಂದು ಟನ್ ವರ್ಗದ ಡೀಸೆಲ್ ಪಿಕಪ್ ಟ್ರಕ್ ಬೇಕು. ಹಿಂದೆ ಒಂಟಿ ಚಕ್ರದ ಟ್ರಕ್ಕಿನ ಜಿವಿಡಬ್ಲ್ಯುಆರ್ 11,500, ಬಾಗಿಲ ಸ್ಟಿಕ್ಕರಿನಲ್ಲಿ ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ) 3,720 ಪೌಂಡ್. ಜೋಡಿ ಚಕ್ರದ ಡ್ಯುಯಲಿಯದು 14,000 ಮತ್ತು 5,300. ‘ಒಂಟಿ ಚಕ್ರದ್ದೇ 20,000 ಪೌಂಡ್ ಎಳೆಯುತ್ತದೆ, ಧಾರಾಳ ಸಾಕು’ ಎನ್ನುತ್ತಾರೆ ಡೀಲರ್. ನಾವು ನಾಲ್ವರು; ಬೇಸಿಗೆಯಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬಂದಾಗ ಆರು ಜನ. ಕೊಲರಾಡೋ ಕಡೆ ಹೋಗುವ ಯೋಚನೆ ಇದೆ. ಯಾವುದನ್ನು ಕೊಳ್ಳಬೇಕು?

ಉತ್ತರ: ಇದೇ ಟ್ರೇಲರ್, ಇದೇ ಆರು ಜನ ಎಂದಾದರೆ ಡ್ಯುಯಲಿ ಕೊಳ್ಳಿ. ಒಂಟಿ ಚಕ್ರದ ಟ್ರಕ್ಕೇ ಬೇಕೆಂದಿದ್ದರೆ ಟ್ರೇಲರನ್ನು 11,500 ಪೌಂಡಿನ ಆಸುಪಾಸಿಗೆ ಇಳಿಸಿ. ಎರಡನ್ನೂ ಹಿಡಿದುಕೊಳ್ಳಲು ಆಗುವುದಿಲ್ಲ.

ಡೀಲರ್ ಸುಳ್ಳು ಹೇಳಿಲ್ಲ. ನಿಮಗೆ ಬೇಡದ ಅಂಕಿ ಹೇಳಿದ್ದಾರೆ, ಅಷ್ಟೇ. ಒಂದೇ ಕಂಪನಿಯ ಒಂಟಿ ಮತ್ತು ಜೋಡಿ ಚಕ್ರದ ಟ್ರಕ್ಕುಗಳಲ್ಲಿ ಎಂಜಿನ್, ಗಿಯರ್‌ಬಾಕ್ಸ್ ಸಾಮಾನ್ಯವಾಗಿ ಒಂದೇ. ಎಳೆಯುವ ಶಕ್ತಿಯ ಕೊರತೆ ಎರಡಕ್ಕೂ ಇಲ್ಲ. ಪ್ರಶ್ನೆ ಇರುವುದು ಹೊರುವುದರಲ್ಲಿ. ಬಂಪರಿಗೆ ಸಿಕ್ಕಿಸುವ ಸಾಧಾರಣ ಟ್ರೇಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಮಾತ್ರ ಟ್ರಕ್ಕಿನ ಮೇಲೆ ಹಾಕುತ್ತದೆ. ಫಿಫ್ತ್ ವೀಲ್ ಮತ್ತು ಗೂಸ್‌ನೆಕ್ (ತೊಟ್ಟಿಯ ನಡುವಿನ ಲೋಹದ ಗುಂಡಿನ ಮೇಲೆ ಕೂರುವ) ಟ್ರೇಲರುಗಳು ಶೇ 15ರಿಂದ 25ರವರೆಗೆ ಹಾಕುತ್ತವೆ. ವಾಸಕ್ಕೆ ತುಂಬಿಸಿದ ಫಿಫ್ತ್ ವೀಲ್ ಬಹುಮಟ್ಟಿಗೆ 20ರ ಮೇಲೆಯೇ ನಿಲ್ಲುತ್ತದೆ. ಟ್ರೇಲರಿನ ಮುಂದಿನ ಗೂಟದ (ಪಿನ್) ಮೂಲಕ ಟ್ರಕ್ಕಿಗೆ ಬರುವ ಈ ಪಿನ್ ಭಾರ ಹೆಚ್ಚುಕಡಿಮೆ ನೇರವಾಗಿ ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ ಬೀಳುತ್ತದೆ. ಹಾಗಾಗಿ ಫಿಫ್ತ್ ವೀಲ್ ವಿಷಯದಲ್ಲಿ ಟೋ ರೇಟಿಂಗ್ (ಎಳೆಯಬಹುದಾದ ತೂಕದ ಮಿತಿ) ಮುಟ್ಟುವ ಎಷ್ಟೋ ಮೊದಲೇ ಪೇಲೋಡ್ ಮುಗಿದುಹೋಗುತ್ತದೆ.

ಟ್ರೇಲರಿನ ಕರಪತ್ರದಲ್ಲೂ ಒಂದು ಪಿನ್ ಭಾರ ಅಚ್ಚಾಗಿರುತ್ತದೆ. ಅದು ಖಾಲಿ ಟ್ರೇಲರಿನದು: ನೀರಿಲ್ಲ, ಬ್ಯಾಟರಿ ಇಲ್ಲ, ಗ್ಯಾಸ್ ಇಲ್ಲ, ಪಾತ್ರೆ-ಬಟ್ಟೆ ಇಲ್ಲ. ಫಿಫ್ತ್ ವೀಲಿನ ದೊಡ್ಡ ಸಾಮಾನು ಗೂಡು ಇರುವುದು ಮುಂಭಾಗದಲ್ಲಿ, ಪಿನ್ನಿನ ಹಿಂದೆಯೇ. ಜನರೇಟರ್, ಹೆಚ್ಚುವರಿ ಬ್ಯಾಟರಿ, ಬಟ್ಟೆ ಒಗೆಯುವ ಯಂತ್ರ ಎಲ್ಲ ಅಲ್ಲೇ ಆಸುಪಾಸು ಸೇರುತ್ತವೆ. ತುಂಬಿದ ಮೇಲೆ ಪಿನ್ ಭಾರ ಟ್ರೇಲರಿನ ಒಟ್ಟು ತೂಕಕ್ಕಿಂತ ವೇಗವಾಗಿ ಏರುವುದು ಇದರಿಂದಲೇ. ಆದ್ದರಿಂದ ಲೆಕ್ಕವನ್ನು ಟ್ರೇಲರಿನ ಖಾಲಿ ತೂಕದಿಂದಲ್ಲ, ಜಿವಿಡಬ್ಲ್ಯುಆರ್‌ನಿಂದ ಮಾಡಬೇಕು.

ನಿಮ್ಮ ಲೆಕ್ಕ ಹೀಗೆ ಬರುತ್ತದೆ. 14,000ಕ್ಕೆ ಶೇ 21ರಂತೆ ಪಿನ್ ಭಾರ 2,940. ಟ್ರೇಲರ್ ಸಿಕ್ಕಿಸಲು ತೊಟ್ಟಿಯಲ್ಲಿ ಕೂರಿಸುವ ಕೊಂಡಿ, ಅಂದರೆ ಹಿಚ್, 180. ಆರು ಜನರಿಗೆ ಅಂದಾಜು 850. ಟ್ರಕ್ಕಿನ ತೊಟ್ಟಿಯಲ್ಲಿ ಜ್ಯಾಕ್, ಮರದ ಅಡೆಗಳು, ಉಪಕರಣದ ಪೆಟ್ಟಿಗೆ, ಐಸ್‌ಬಾಕ್ಸ್ ಸೇರಿ 200. ಒಟ್ಟು 4,170 ಪೌಂಡ್. ನಿಮ್ಮ ಒಂಟಿ ಚಕ್ರದ ಟ್ರಕ್ಕಿಗೆ ಅನುಮತಿ ಇರುವುದು 3,720. ಅಂದರೆ 450 ಹೆಚ್ಚು. ಅಪ್ಪ ಅಮ್ಮ ಇಲ್ಲದೆ ನಾಲ್ವರೇ ಹೋದರೂ 3,920, ಆಗಲೂ 200 ಮೇಲೆ. ಪಿನ್ ಭಾರ ಶೇ 18ಕ್ಕೆ ನಿಂತು ನಾಲ್ವರೇ ಇದ್ದರೆ 3,500ಕ್ಕೆ ಹೊಂದುತ್ತದೆ, ಆದರೆ ಅಂಥ ಅದೃಷ್ಟವನ್ನು ನಂಬಿ ಟ್ರಕ್ ಕೊಳ್ಳುವುದು ಬೇಡ. ಡ್ಯುಯಲಿಯಲ್ಲಿ ಆರು ಜನ ಕೂತ ಮೇಲೂ 1,100 ಪೌಂಡಿಗಿಂತ ಹೆಚ್ಚು ಉಳಿಯುತ್ತದೆ. ಅಂದಹಾಗೆ, ಆರು ಜನ ಕೂರಬೇಕಾದರೆ ಮುಂದೆ ಬೆಂಚ್ ಸೀಟ್ ಇರುವ ಮಾದರಿಯೇ ಆಗಬೇಕು. ದುಬಾರಿ ಮಾದರಿಗಳಲ್ಲಿ ನಡುವೆ ಕನ್ಸೋಲ್ ಬಂದು ಐದೇ ಸೀಟು ಉಳಿಯುತ್ತವೆ. ಜೊತೆಗೆ ಸನ್‌ರೂಫ್, ತಾನೇ ಇಳಿಯುವ ಮೆಟ್ಟಿಲು ಇವೆಲ್ಲದರ ತೂಕವೂ ಪೇಲೋಡಿನಲ್ಲೇ ಕಳೆಯುತ್ತದೆ.

ಪೇಲೋಡ್ ಸಂಖ್ಯೆಯನ್ನು ಕಂಪನಿಯ ಜಾಹೀರಾತಿನಿಂದ ಎತ್ತಿಕೊಳ್ಳಬೇಡಿ. ಅದು ಎರಡು ಬಾಗಿಲಿನ, ಪೆಟ್ರೋಲ್ ಎಂಜಿನ್ನಿನ, ಅತಿ ಹಗುರ ಮಾದರಿಯದು. ನೀವು ಕೊಳ್ಳುವ ಅದೇ ಟ್ರಕ್ಕಿನ ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಸ್ಟಿಕ್ಕರ್ ಓದಿ. ಜಿವಿಡಬ್ಲ್ಯುಆರ್ 10,000 ಪೌಂಡ್ ದಾಟಿದ ಕೆಲವು ಟ್ರಕ್ಕುಗಳಲ್ಲಿ ಪೇಲೋಡನ್ನು ನೇರವಾಗಿ ಬರೆದಿರುವುದಿಲ್ಲ. ಆಗ ಟ್ಯಾಂಕ್ ತುಂಬಿಸಿ, ಟ್ರಕ್ಕನ್ನು ತೂಗಿಸಿ, ಜಿವಿಡಬ್ಲ್ಯುಆರ್‌ನಿಂದ ಕಳೆಯಿರಿ.

ಇನ್ನು ಟೈರುಗಳಿಗೆ ಬರೋಣ. ಜೋಡಿ ಚಕ್ರದ ಮರ್ಮ ಇರುವುದೇ ಅಲ್ಲಿ. ಒಂಟಿ ಚಕ್ರದ ಒಂದು ಟನ್ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಎಲ್‌ಟಿ275/70ಆರ್18, ಲೋಡ್ ರೇಂಜ್ ಇ ಟೈರ್ 80 ಪಿಎಸ್‌ಐ ಗಾಳಿಯಲ್ಲಿ 3,640 ಪೌಂಡ್ ಹೊರುತ್ತದೆ. ಎರಡಕ್ಕೆ 7,280. ಡ್ಯುಯಲಿಯ ಟೈರ್ ಇದಕ್ಕಿಂತ ಸಣ್ಣದು. ಉದಾಹರಣೆಗೆ ಎಲ್‌ಟಿ235/80ಆರ್17 ಟೈರನ್ನು ಒಂಟಿಯಾಗಿ ಹಾಕಿದರೆ 3,085, ಜೋಡಿಯಾಗಿ ಹಾಕಿದರೆ ತಲಾ 2,835. ನಾಲ್ಕಕ್ಕೆ 11,340. ಜೋಡಿಯಾದಾಗ ತಲಾ ಭಾರ ಇಳಿಸುವುದಕ್ಕೆ ಕಾರಣ ಇದೆ: ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುವುದರಿಂದ ಭಾರ ಒಳ-ಹೊರ ಟೈರುಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ, ಮತ್ತು ಒಳಗಿನ ಟೈರಿನ ಬಿಸಿ ಸುಲಭವಾಗಿ ಹೊರಗೆ ಹೋಗುವುದಿಲ್ಲ.

ನಿಮ್ಮ ಒಂಟಿ ಚಕ್ರದ ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆ ಖಾಲಿ ಇರುವಾಗಲೇ ಸುಮಾರು 3,200 ಪೌಂಡ್ ಇರುತ್ತದೆ. ಅದಕ್ಕೆ ಪಿನ್, ಹಿಚ್, ತೊಟ್ಟಿಯ ಸಾಮಾನು, ಜನರ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸೇರಿಸಿದರೆ 6,970. ಎರಡು ಟೈರುಗಳ ಮಿತಿ 7,280 ಎಂದಾಗ ಉಳಿದದ್ದು 310. ಟೈರಿನ ಗಾಳಿ 80ರಿಂದ 70ಕ್ಕೆ ಇಳಿದರೆ ಆ 310ನ್ನು ಅದೇ ನುಂಗಿಹಾಕುತ್ತದೆ. ಜುಲೈ ತಿಂಗಳ ಟೆಕ್ಸಸ್ ಬಿಸಿಲಿನ ಡಾಂಬರಿನ ಮೇಲೆ, ಗಂಟೆಗೆ 75 ಮೈಲಿ ವೇಗದಲ್ಲಿ, ಇಷ್ಟು ಅಂಚಿಗೆ ಕೆಲಸ ಮಾಡುವ ಟೈರ್ ಬಿಸಿಯೇರಿ ಒಳಗಿನ ಪದರ ಬಿಟ್ಟುಕೊಳ್ಳುತ್ತದೆ. ಎಲ್ಲೋ ಮೊಳೆ ಚುಚ್ಚಿ ಆಗುವ ಪಂಚರ್ ಅಲ್ಲ ಇದು. ಗ್ರಿಪ್ ಸಮೇತ ಸಿಪ್ಪೆ ಕಳಚಿದಂತೆ ಹಾರಿಹೋಗುವುದು. ಒಂಟಿ ಚಕ್ರದ ಟ್ರಕ್ಕಿನಲ್ಲಿ ಹಾಗಾದಾಗ ಆ ಬದಿ ನೇರ ರಿಮ್ ಮೇಲೆ ಕೂರುತ್ತದೆ, ಹಿಂದೆ ಏಳು ಟನ್ ಹತ್ತಿರದ ಟ್ರೇಲರ್ ತಳ್ಳುತ್ತಿರುತ್ತದೆ.

ಡ್ಯುಯಲಿಯಲ್ಲಿ ಒಂದು ಟೈರ್ ಸಿಡಿದರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ, ಟ್ರಕ್ ನೆಟ್ಟಗೆ ಉಳಿಯುತ್ತದೆ. ಇದನ್ನೇ ಕೆಲವರು ‘ಒಂದು ಹೋದರೂ ಮುಂದಿನ ಊರಿನವರೆಗೆ ಓಡಿಸಬಹುದು’ ಎಂದು ತಿಳಿದಿದ್ದಾರೆ. ಓಡಿಸಬಾರದು. ನಿಮ್ಮ ಭಾರದಲ್ಲಿ ಡ್ಯುಯಲಿಯ ಹಿಂಬದಿಯ ಒಂದೊಂದು ಪಾರ್ಶ್ವಕ್ಕೆ 3,800 ಪೌಂಡಿನಷ್ಟು ಬೀಳುತ್ತದೆ. ಉಳಿದ ಒಂದು ಟೈರಿಗೆ ತಡೆಯುವ ಮಿತಿ 3,085. ವೇಗ ನಿಧಾನಕ್ಕೆ ಇಳಿಸಿ, ಹತ್ತಿರದ ಅಗಲವಾದ ಅಂಚಿಗೆ ನಿಲ್ಲಿಸಲು ಅದು ಸಮಯ ಕೊಡುತ್ತದೆ, ಅಷ್ಟೇ.

ಎರಡನೇ ಲಾಭ ಸ್ಥಿರತೆ. ಡ್ಯುಯಲಿಯ ಹಿಂಬದಿ ಅಗಲ ಸುಮಾರು 96 ಇಂಚು, ಒಂಟಿ ಚಕ್ರದ್ದು 80ರ ಆಸುಪಾಸು. ಟೆಕ್ಸಸ್‌ನ ಅಮರಿಲೊ ಸುತ್ತಲಿನ ಬಯಲಿನಲ್ಲಿ ಅಡ್ಡಗಾಳಿ ಬೀಸುವಾಗ, ಹದಿನೆಂಟು ಚಕ್ರದ ಲಾರಿ ಪಕ್ಕದಿಂದ ಹಾದು ಮೊದಲು ದೂಡಿ ಆಮೇಲೆ ಸೆಳೆಯುವಾಗ, 13 ಅಡಿ ಎತ್ತರದ ಟ್ರೇಲರ್ ಪಿನ್ನಿನ ಮೂಲಕ ಟ್ರಕ್ಕಿನ ಸೊಂಟವನ್ನು ಅಲುಗಿಸುತ್ತದೆ. ಒಂಟಿ ಚಕ್ರದಲ್ಲಿ ಎತ್ತರದ ಪಕ್ಕಗೋಡೆಯ ಎರಡೇ ಟೈರುಗಳು ಆ ಅಲುಗಾಟ ತಾಳಬೇಕು. ಜೋಡಿಯಲ್ಲಿ ನಾಲ್ಕು, ಅದೂ ದೂರ ದೂರ. ಸ್ಟೀರಿಂಗ್ ತಿದ್ದುವ ಕೆಲಸ ಕಡಿಮೆಯಾದರೆ ಸಂಜೆಯ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತದೆ.

‘ಹಿಂದಿನ ಕಮಾನು ಪಟ್ಟಿಗೆ ಆಸರೆಯಾಗಿ ಏರ್ ಬ್ಯಾಗ್ (ಗಾಳಿ ತುಂಬಿದ ಚೀಲ) ಹಾಕಿಸಿ, ಒಂಟಿ ಚಕ್ರವೇ ಸಾಕಾಗುತ್ತದೆ’ ಎನ್ನುವವರು ಸಿಗುತ್ತಾರೆ. ಏರ್ ಬ್ಯಾಗ್ ಅಥವಾ ಹೆಚ್ಚುವರಿ ಕಮಾನು ಪಟ್ಟಿ ಕುಸಿದ ಹಿಂಭಾಗವನ್ನು ಎತ್ತುತ್ತದೆ, ಹೆಡ್‌ಲೈಟ್ ಆಕಾಶ ನೋಡುವುದನ್ನು ತಪ್ಪಿಸುತ್ತದೆ. ಆದರೆ ಟೈರು, ರಿಮ್ಮು, ಆಕ್ಸಲ್ ಮೇಲಿನ ಭಾರ ಒಂದು ಪೌಂಡೂ ಇಳಿಯುವುದಿಲ್ಲ, ಸ್ಟಿಕ್ಕರಿನ ಸಂಖ್ಯೆಯೂ ಬದಲಾಗುವುದಿಲ್ಲ. ಇನ್ನೂ ಬಲವಾದ ಟೈರ್ ಹಾಕಿದರೆ ಟೈರಿನ ಮಿತಿ ಮೇಲೇರುತ್ತದೆ, ಜಿವಿಡಬ್ಲ್ಯುಆರ್ ಅಲ್ಲೇ ಇರುತ್ತದೆ. ಒಂಟಿ ಚಕ್ರದ ಆಕ್ಸಲಿಗೆ ಅಡಾಪ್ಟರ್ ಸಿಕ್ಕಿಸಿ ಡ್ಯುಯಲಿ ಮಾಡುವ ಕಿಟ್ಟುಗಳನ್ನಂತೂ ದೂರವಿಡಿ.

ಒಂದು ಮಧ್ಯದ ದಾರಿ ಇದೆ: ಪೆಟ್ರೋಲ್ ಎಂಜಿನ್ನಿನ ಒಂಟಿ ಚಕ್ರದ ಟ್ರಕ್. ಡೀಸೆಲ್ ಎಂಜಿನ್ ನೂರಾರು ಪೌಂಡ್ ಹೆಚ್ಚು ಭಾರ. ಅದು ಹೋದರೆ, ಜಿವಿಡಬ್ಲ್ಯುಆರ್ ಅಷ್ಟೇ ಇದ್ದಲ್ಲಿ, ಅಷ್ಟೂ ಪೇಲೋಡಿಗೆ ಸೇರುತ್ತದೆ, ಬೆಲೆಯೂ ಇಳಿಯುತ್ತದೆ. ನಿಮ್ಮ ಪ್ರವಾಸವೆಲ್ಲ ಟೆಕ್ಸಸ್ ಬಯಲಿನಲ್ಲೇ ಆಗಿದ್ದರೆ ಇದನ್ನೇ ಯೋಚಿಸಿ ಎನ್ನಬಹುದಿತ್ತು. ಕೊಲರಾಡೋ ಎಂದಿದ್ದೀರಿ. ಈ ಟ್ರಕ್ಕುಗಳ ಪೆಟ್ರೋಲ್ ಎಂಜಿನ್ನಿನಂತೆ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹಿಡಿದರೆ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಅಲ್ಲಿ ಮೂರನೇ ಒಂದು ಭಾಗ ಶಕ್ತಿಯೇ ಇರುವುದಿಲ್ಲ. ಇಳಿಯುವಾಗ ಡೀಸೆಲಿನ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು) ಕೊಡುವ ನೆಮ್ಮದಿಯೂ ಪೆಟ್ರೋಲಿನಲ್ಲಿ ಸಿಗದು.

ಡ್ಯುಯಲಿ ಜೊತೆ ಬದುಕುವುದು ಹೇಗೆ? ಹೆದ್ದಾರಿಯಲ್ಲಿ ಅದರ ಅಗಲ ತೊಂದರೆಯೇ ಅಲ್ಲ. ಇಂಥ ಟ್ರೇಲರುಗಳು ಸಾಮಾನ್ಯವಾಗಿ 96ರಿಂದ 102 ಇಂಚು ಅಗಲ. ಟ್ರೇಲರ್ ಹೋಗುವಲ್ಲಿ ಟ್ರಕ್ಕೂ ಹೋಗುತ್ತದೆ. ಕಷ್ಟ ಬರುವುದು ಟ್ರೇಲರ್ ಬಿಚ್ಚಿ ಹಾಲು ತರಲು ಹೋದಾಗ. ಕ್ಯಾಬಿನ್ ಸಲೀಸಾಗಿ ತೂರಿದ ಸಂದಿಯಲ್ಲಿ ಹಿಂದಿನ ಎರಡು ಕಡೆ ಚಾಚಿದ ಫೆಂಡರ್ ಸಿಕ್ಕಿಬೀಳುತ್ತದೆ. ಡ್ರೈವ್-ಥ್ರೂ ಕಿಟಕಿ, ಎಟಿಎಂ ಮುಂದಿನ ಹಳದಿ ಕಂಬ, ಇವುಗಳಿಗೆ ಮೊದಲ ತಿಂಗಳಲ್ಲೇ ಬಲಿಯಾದ ಫೆಂಡರುಗಳು ಎಷ್ಟೋ. ತಾನಾಗಿ ತೊಳೆಯುವ ಸುರಂಗದಂಥ ಕಾರ್‌ವಾಷ್‌ಗಳಲ್ಲಿ ಹಲವು ಡ್ಯುಯಲಿಯನ್ನು ಒಳಗೇ ಬಿಡುವುದಿಲ್ಲ. ಉದ್ದದ ಮಾತೂ ಇದೆ: ನಾಲ್ಕು ಬಾಗಿಲು, ಎಂಟು ಅಡಿ ತೊಟ್ಟಿ ಸೇರಿದರೆ 22 ಅಡಿ ದಾಟುತ್ತದೆ, ಮಾಮೂಲಿ ಗ್ಯಾರೇಜಿನಲ್ಲಿ ಬಾಗಿಲು ಮುಚ್ಚುವುದಿಲ್ಲ. ನಿಮ್ಮ ಬಡಾವಣೆಯ ಎಚ್‌ಒಎ (ಮನೆ ಮಾಲೀಕರ ಸಂಘ) ನಿಯಮಗಳಲ್ಲಿ ‘ಒಂದು ಟನ್ನಿಗಿಂತ ಮೇಲಿನ ಟ್ರಕ್ ಹೊರಗೆ ನಿಲ್ಲಿಸುವಂತಿಲ್ಲ’ ಎಂಬಂಥ ಸಾಲು ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಓದಿಕೊಳ್ಳಿ.

ಖಾಲಿ ಡ್ಯುಯಲಿ ಒದ್ದೆ ಹುಲ್ಲು, ಕೆಸರು, ಹಿಮದಲ್ಲಿ ಬಡಪಾಯಿ. ಹಿಂದಿನ ಸ್ವಲ್ಪ ಭಾರ ನಾಲ್ಕು ಟೈರಿಗೆ ಹರಡಿ, ಯಾವುದೂ ನೆಲಕ್ಕೆ ಕಚ್ಚುವುದಿಲ್ಲ. ಆದ್ದರಿಂದ 4x4 ತೆಗೆದುಕೊಳ್ಳಿ. ಪೇಲೋಡಿನಲ್ಲಿ ಕೆಲವು ನೂರು ಪೌಂಡ್ ಹೋದರೂ ಡ್ಯುಯಲಿಯಲ್ಲಿ ಅಷ್ಟು ಕಳೆದುಕೊಳ್ಳಲು ಜಾಗವಿದೆ.

ಜೋಡಿ ಚಕ್ರದ ನಿಜವಾದ ಕಿರುಕುಳ ಒಳಗಿನ ಟೈರ್. ಕಣ್ಣಿಗೆ ಕಾಣದು, ಕೈಗೆ ಎಟುಕದು, ಹಾಗಾಗಿ ಯಾರೂ ನೋಡುವುದಿಲ್ಲ. ಅದರ ಗಾಳಿ ಇಳಿದರೆ ಹೊರಗಿನದು ಸದ್ದಿಲ್ಲದೆ ಇಬ್ಬರ ಭಾರ ಹೊರುತ್ತದೆ. ಇಳಿದ ಟೈರಿನ ಪಕ್ಕಗೋಡೆ ಬಾಗಿ ಬಾಗಿ ಕಾದು, ಕೊನೆಗೆ ಎರಡೂ ಹಾಳಾಗುತ್ತವೆ. ಊರಿನ ಲಾರಿ ಕ್ಲೀನರ್ ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳುವುದನ್ನು ನೋಡಿರುತ್ತೀರಿ. ಪೂರ್ತಿ ಇಳಿದದ್ದು ಆ ಸದ್ದಿನಲ್ಲಿ ತಿಳಿಯುತ್ತದೆ, 80 ಇರಬೇಕಾದಲ್ಲಿ 65 ಇರುವುದು ತಿಳಿಯುವುದಿಲ್ಲ. ಮೀಟರ್ ಇಟ್ಟೇ ನೋಡಬೇಕು. ಟೈರ್ ಗಾಳಿಯ ಎಚ್ಚರಿಕೆ ದೀಪವನ್ನು ಕಡ್ಡಾಯ ಮಾಡಿದ ಅಮೆರಿಕದ ನಿಯಮ ಜೋಡಿ ಚಕ್ರದ ವಾಹನಗಳಿಗೆ ಅನ್ವಯಿಸುವುದಿಲ್ಲ. ಕಂಪನಿಯೇ ಕೊಟ್ಟಿದ್ದರೆ ಸರಿ. ಇಲ್ಲದಿದ್ದರೆ ಆರೂ ಟೈರಿಗೆ, ಜೊತೆಗೆ ಟ್ರೇಲರಿನ ಟೈರುಗಳಿಗೂ, ಹೊರಗಿನಿಂದ ಸೆನ್ಸರ್ ಹಾಕಿಸಿಕೊಳ್ಳಿ.

ಮೀಟರ್ ಇಡಲು ಎರಡು ತಲೆಯ ಉದ್ದ ಹಿಡಿಯ ಗೇಜ್ ಬೇಕು. ಒಂದು ತಲೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿರುತ್ತದೆ. ರಬ್ಬರ್ ನಳಿಕೆಯ ವಾಲ್ವ್ ವಿಸ್ತರಣೆಗಳು ಸೋರುವುದೇ ಹೆಚ್ಚು. ಬದಲಿಗೆ ಬಾಗಿಸಿದ ಗಟ್ಟಿ ಲೋಹದ ಉದ್ದ ವಾಲ್ವ್ ಹಾಕಿಸಿ. ಒಳ-ಹೊರ ವಾಲ್ವುಗಳು ರಿಮ್ಮಿನ ಎದುರುಬದುರು ಕಿಂಡಿಗಳಲ್ಲಿ ಬರುವಂತೆ ಚಕ್ರ ಕೂರಿಸಲು ಹೇಳಿ. ಟೈರ್ ಅಂಗಡಿಯವರು ಅವಸರದಲ್ಲಿ ಮರೆಯುವುದು ಇದನ್ನೇ.

ಒಂದು ಜೋಡಿಯ ಎರಡೂ ಟೈರುಗಳ ವ್ಯಾಸದಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕಾದ್ದರಿಂದ ದೊಡ್ಡದು ಭಾರ ಹೊರುತ್ತದೆ, ಸಣ್ಣದು ರಸ್ತೆ ಮೇಲೆ ಉಜ್ಜಿಕೊಂಡು ಸವೆಯುತ್ತದೆ. ಹಳೆಯದೊಂದರ ಪಕ್ಕ ಹೊಸದೊಂದು ಹಾಕುವ ಉಳಿತಾಯ ಬೇಡ. ನಿಗದಿತ ಅಳತೆಗಿಂತ ಅಗಲದ ಟೈರೂ ಬೇಡ. ಭಾರ ಬಿದ್ದಾಗ ಪಕ್ಕಗೋಡೆಗಳು ಉಬ್ಬಿ ಒಂದಕ್ಕೊಂದು ತಾಗುತ್ತವೆ. ಜಲ್ಲಿ ರಸ್ತೆಯಿಂದ ಡಾಂಬರಿಗೆ ಬಂದ ಕೂಡಲೇ ನಿಲ್ಲಿಸಿ ನಡುವಿನ ಸಂದಿ ನೋಡಿ. ಸಿಕ್ಕಿಕೊಂಡ ಕಲ್ಲು ಎರಡೂ ಪಕ್ಕಗೋಡೆಗಳನ್ನು ಕೊರೆಯುತ್ತದೆ, ಇಲ್ಲವೇ ಹೆದ್ದಾರಿಯಲ್ಲಿ ಹಾರಿ ನಿಮ್ಮದೇ ಟ್ರೇಲರಿನ ಮೂತಿಗೆ ಬಡಿಯುತ್ತದೆ.

ಚಕ್ರ ಬಿಚ್ಚಿ ಹಾಕಿದ ಮೇಲೆ ಟ್ರಕ್ಕಿನ ಕೈಪಿಡಿ ಹೇಳುವ ಬಲಕ್ಕೆ ಟಾರ್ಕ್ ರೆಂಚಿನಿಂದ ನಟ್ ಬಿಗಿಸಿ, 100 ಮೈಲಿಯೊಳಗೆ ಇನ್ನೊಮ್ಮೆ ಬಿಗಿಸಬೇಕು. ಎರಡು ರಿಮ್ ಒಂದರ ಮೇಲೊಂದು ಕೂರುವುದರಿಂದ ನಡುವಿನ ತುಕ್ಕು, ಬಣ್ಣದ ಚೂರು ಅದುಮಿಕೊಂಡು ಬಿಗಿತ ಸಡಿಲಾಗುತ್ತದೆ. ವಾಷರ್ ಸೇರಿದ ಎರಡು ಭಾಗದ ನಟ್ ಇದ್ದರೆ ನಟ್ಟಿಗೂ ವಾಷರಿಗೂ ನಡುವೆ ಎರಡು ಹನಿ ಎಣ್ಣೆ ಬಿಡಿ, ಬೋಲ್ಟಿನ ತಿರುಪಿನ ಎಳೆಗಳಿಗೆ ಮಾತ್ರ ಬಿಡಬೇಡಿ. ಟೈರ್ ಬದಲಾಯಿಸುವಾಗ ನಾಲ್ಕರ ಬದಲು ಆರಕ್ಕೆ ದುಡ್ಡು ಎಣಿಸಬೇಕು. ಹೊರಗಿನ ರಿಮ್ ಅಲ್ಯೂಮಿನಿಯಂ, ಒಳಗಿನದು ಉಕ್ಕು ಆಗಿದ್ದರೆ ಟೈರುಗಳನ್ನು ಸ್ಥಾನ ಬದಲಿಸುವುದೂ ಸುಲಭವಲ್ಲ. ರಿಮ್ಮಿನಿಂದ ಬಿಚ್ಚಿ ಹಾಕಬೇಕಾಗುತ್ತದೆ.

ಡೀಲರುಗಳು ಬಾಯಿಬಿಡದ ಇನ್ನೊಂದು ವಿಷಯ ಲೈಸೆನ್ಸ್. ಟೆಕ್ಸಸ್‌ನಲ್ಲಿ ಟ್ರಕ್ ಮತ್ತು ಟ್ರೇಲರಿನ ಜಿವಿಡಬ್ಲ್ಯುಆರ್ ಕೂಡಿದರೆ 26,001 ಮುಟ್ಟಿ, ಟ್ರೇಲರಿನದು 10,000 ದಾಟಿದ್ದರೆ, ಸ್ವಂತ ಬಳಕೆಗೂ ವಾಣಿಜ್ಯೇತರ ಕ್ಲಾಸ್ ಎ ಲೈಸೆನ್ಸ್ ಬೇಕು. ಒಂಟಿ ಚಕ್ರದ ಟ್ರಕ್ಕಿನಲ್ಲಿ 11,500ಕ್ಕೆ 14,000 ಕೂಡಿ 25,500. ನಿಮ್ಮ ಈಗಿನ ಕ್ಲಾಸ್ ಸಿ (ಸಾಮಾನ್ಯ ಕಾರಿನ ಲೈಸೆನ್ಸ್) ಸಾಕು. ಡ್ಯುಯಲಿಯಲ್ಲಿ 28,000. ಲೆಕ್ಕ ನಿಂತಿರುವುದು ನಿಜವಾದ ತೂಕದ ಮೇಲಲ್ಲ, ಸ್ಟಿಕ್ಕರಿನ ಮೇಲೆ. ಹಾಗಾಗಿ ಡ್ಯುಯಲಿ ಕೊಂಡರೆ ಬರವಣಿಗೆಯ ಪರೀಕ್ಷೆ, ಅಂಥದೇ ಟ್ರಕ್-ಟ್ರೇಲರ್ ಓಡಿಸಿ ತೋರಿಸುವ ಪರೀಕ್ಷೆ ಎರಡೂ ಇವೆ. ಮನೆಯಲ್ಲಿ ಇಬ್ಬರು ಓಡಿಸುವುದಾದರೆ ಇಬ್ಬರೂ ತೆಗೆದುಕೊಳ್ಳಬೇಕು. ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಅಲ್ಲಿನ ಗೆರೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಫಿಫ್ತ್ ವೀಲ್ 15,000 ಪೌಂಡ್ ದಾಟಿದ ಮೇಲೆ ಕ್ಲಾಸ್ ಎ ಬರುತ್ತದೆ.

ಕೊಂಡ ಮೇಲೆ, ಮೊದಲ ದೂರ ಪ್ರಯಾಣಕ್ಕೆ ಮುಂಚೆ, ತೂಗಿಸಿ. ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ, ನಮ್ಮ ವೇಬ್ರಿಜ್ ಇದ್ದಂತೆ, ಆದರೆ ಮೂರು ಪ್ರತ್ಯೇಕ ಹಲಗೆಗಳು. ಮುಂದಿನ ಆಕ್ಸಲ್ ಮೊದಲನೆಯದರ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರಿನ ಆಕ್ಸಲುಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಿ. ಟ್ಯಾಂಕ್ ತುಂಬಿರಲಿ, ಮನೆಮಂದಿಯೆಲ್ಲ ಒಳಗಿರಲಿ. ಆಮೇಲೆ ಟ್ರೇಲರ್ ಬಿಚ್ಚಿ, ಹಿಚ್ ಹಾಗೇ ಇಟ್ಟು, ಬರೀ ಟ್ರಕ್ಕನ್ನು ಇನ್ನೊಮ್ಮೆ ತೂಗಿಸಿ. ಮೊದಲ ಚೀಟಿಯ ಮುಂದಿನ-ಹಿಂದಿನ ಆಕ್ಸಲ್ ಮೊತ್ತದಿಂದ ಎರಡನೇ ಚೀಟಿಯ ಮೊತ್ತ ಕಳೆದರೆ ಸಿಗುವುದೇ ನಿಮ್ಮ ನಿಜವಾದ ಪಿನ್ ಭಾರ. ಟ್ರೇಲರ್ ಸಮೇತದ ಚೀಟಿಯ ಹಿಂದಿನ ಆಕ್ಸಲ್ ಅಂಕಿಯನ್ನು ಬಾಗಿಲ ಮೇಲಿನ ಹಿಂದಿನ ಆಕ್ಸಲ್ ಮಿತಿಯ ಜೊತೆ ಹೋಲಿಸಿ. ಒಟ್ಟು ತೂಕ ಸರಿಯಿದ್ದು ಇದು ಮೀರಿರುವುದೂ ಉಂಟು. ಪಿನ್ ಭಾರ ಶೇ 24–25 ಮುಟ್ಟಿದ್ದರೆ ಮುಂದಿನ ಗೂಡಿನ ಭಾರದ ಸಾಮಾನನ್ನು ಟ್ರೇಲರಿನ ಆಕ್ಸಲುಗಳ ಹತ್ತಿರಕ್ಕೆ ಸರಿಸಿ, ಆದರೆ ಶೇ 15ಕ್ಕಿಂತ ಕೆಳಗೆ ಇಳಿಸಬೇಡಿ.

ಹೊಸ ಡ್ಯುಯಲಿ ಬೆಲೆ ನೋಡಿ ಹಳೆಯದರ ಕಡೆ ಮನಸ್ಸು ಹೋದರೆ, ತೊಟ್ಟಿಯ ನಡುವಿನ ಗೂಸ್‌ನೆಕ್ ಗುಂಡಿನ ಸುತ್ತ ಮೊದಲು ನೋಡಿ. ಅಲ್ಲಿ ಲೋಹ ಬಹಳ ಸವೆದಿದ್ದರೆ ಬಾಡಿಗೆ ಸಾಗಣೆಗೆ ದುಡಿದ ಗಾಡಿ ಎಂದು ತಿಳಿಯಿರಿ. ಟಾರ್ಚ್ ಹಿಡಿದು ಕೆಳಗೆ ತೂರಿ: ಒಳಗಿನ ಟೈರಿನ ಒಳಗೋಡೆಯ ಮೇಲೆ ಎಣ್ಣೆಯ ಕಲೆ ಇದ್ದರೆ ಆಕ್ಸಲ್ ಸೀಲ್ ಸೋರುತ್ತಿದೆ, ಬ್ರೇಕ್ ಪ್ಯಾಡೂ ನೆನೆದಿರಬಹುದು. ಪ್ರತಿ ಟೈರಿನ ಪಕ್ಕಗೋಡೆಯ ಮೇಲೆ ‘DOT’ ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2321 ಎಂದಿದ್ದರೆ 2021ರ 23ನೇ ವಾರ. ಇಂಥ ಟ್ರಕ್ಕುಗಳಲ್ಲಿ ಗ್ರಿಪ್ ಚೆನ್ನಾಗಿದ್ದೂ ಟೈರಿಗೆ ವಯಸ್ಸಾಗಿರುತ್ತದೆ. ಆರೂ ಟೈರಿನ ತಾರೀಖು ಬೇರೆ ಬೇರೆ ಇದ್ದರೆ ಹೊಸ ಆರು ಟೈರಿನ ದುಡ್ಡನ್ನು ಕೇಳುವ ಬೆಲೆಯಿಂದ ಕಳೆದೇ ಮಾತಿಗೆ ಕೂರಿ.